ಬಸ್ ಹೊರಟರೆ ನೆರಳೂ ಹೊರಟಿತು: ಕರಾವಳಿಯ ಊರುಗಳ ನಕ್ಷೆ ಬರೆಯುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಾರವಾರದಿಂದ ಭಟ್ಕಳದ ತನಕ ನಮ್ಮ ಊರುಗಳ ರಸ್ತೆ, ಚರಂಡಿ, ಉದ್ಯಾನ, ಬಸ್ ನಿಲ್ದಾಣಗಳಿಗೆ ನಕ್ಷೆ ಬರೆಯುವವರು, ಅಂದಾಜುಪಟ್ಟಿ ಮಾಡುವವರು, ಸಹಿ ಹಾಕುವವರು, ಕೊನೆಗೆ ರಿಬ್ಬನ್ ಕತ್ತರಿಸುವವರು, ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಊರಿನವರೂ ಓದಲಿ ಎಂದೇ ಬಹಿರಂಗವಾಗಿ. ಯಾರ ಮೇಲೂ ದೂರು ಕೊಡುವ ಉದ್ದೇಶವಿಲ್ಲ, ಹಾಗಾಗಿ ಯಾವ ಕಚೇರಿಯ ಹೆಸರನ್ನೂ ಎತ್ತಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಮೂರೂವರೆಗೆ ನಮ್ಮ ಕಡೆಯ ಒಂದು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಸ್ಟಾಪಿಗೆ ಹೊಸ ಶೆಲ್ಟರ್ ಬಂದಿದೆ. ಸ್ಟೀಲಿನ ಕಂಬ, ಸ್ಟೀಲಿನ ಬೆಂಚು, ಮೇಲೆ ನೀಲಿ ಪ್ಲಾಸ್ಟಿಕ್ ಶೀಟು. ಒಳಗೆ ಒಬ್ಬರೂ ಇರಲಿಲ್ಲ. ಬೆಂಚಿನ ಮೇಲೆ ಕೈಯಿಟ್ಟು ನೋಡಿದೆ, ದೋಸೆ ಹೊಯ್ಯುವುದೊಂದೇ ಬಾಕಿ. ಹಾಗಾದರೆ ಜನ ಎಲ್ಲಿ? ಪಕ್ಕದ ಲೈಟ್ ಕಂಬದ ನೆರಳಿನಲ್ಲಿ. ಗೇಣಗಲದ ಆ ನೆರಳಿನ ಗೆರೆ ಹಿಡಿದು ಆರು ಜನ, ಒಬ್ಬರ ಬೆನ್ನಿಗೆ ಒಬ್ಬರು, ರೇಷನ್ ಅಂಗಡಿ ಮುಂದೆ ನಿಂತ ಹಾಗೆ ನಿಂತಿದ್ದರು. ಸ್ವಲ್ಪ ಆಚೆ, ಹೊರಡಲು ಕಾಯುತ್ತಿದ್ದ ಬಸ್ಸಿನ ಮಗ್ಗುಲಿಗೆ, ಒಬ್ಬ ಅಕ್ಕ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕಂಡಕ್ಟರ್ ಸೀಟಿ ಊದಿದ, ಬಸ್ ಹೊರಟಿತು, ಅದರ ಜತೆಗೆ ನೆರಳೂ ಹೊರಟಿತು. ಅಕ್ಕ ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿ ಮಾಡಿ, ಸೆರಗು ತಲೆಗೆ ಎಳೆದುಕೊಂಡು ಅಲ್ಲೇ ಕೂತರು.

"ಅಕ್ಕಾ, ಶೆಲ್ಟರಿನೊಳಗೆ ಕೂತ್ಕೊಳ್ಳಬಹುದಲ್ಲ?" ಅಂದೆ.

"ಅದ್ರೊಳಗೆ ಕೂತ್ರೆ ಬಂಗಡೆ ಅಲ್ಲೇ ಹುರ್ದು ಹೋಗ್ತದೆ ತಮ್ಮಾ. ಮೊದ್ಲು ಮರ ಇತ್ತು. ಈಗ ಬಸ್ಸೇ ನಮ್ಗೆ ಮರ."

ಆ ಮರ ನನಗೂ ನೆನಪಿದೆ. ದೊಡ್ಡ ಮಳೆಮರ. ರಸ್ತೆ ಅಗಲ ಮಾಡುವಾಗ ಹೋಯಿತು. ರಸ್ತೆ ಅಗಲವಾಗಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮರದ ಜತೆಗೆ ಅದರ ನೆರಳೂ ಹೋಯಿತು ಎನ್ನುವುದು ಯಾವ ಕಾಗದದಲ್ಲೂ ಬರಲಿಲ್ಲ. ಕಾಗದದಲ್ಲಿ ಬಂದದ್ದು ಕಟ್ಟಿಗೆಯ ಲೆಕ್ಕ ಮಾತ್ರ.

ಇದನ್ನೆಲ್ಲ ಹೇಳಲು ಇವನ್ಯಾರು ಎಂದು ನೀವು ಕೇಳಬಹುದು. ನಾನು ಹುಟ್ಟಿದ್ದು ಕಾಳಿ ನದಿಯ ದಡದಲ್ಲಿ, ಹತ್ತೊಂಬತ್ತು ವರ್ಷ ದುಡಿದದ್ದು ಅರಬ್ ಎಮಿರೇಟ್ಸ್‌ನಲ್ಲಿ. ನಮ್ಮ ಕರಾವಳಿಯಲ್ಲಿ ಗಲ್ಫಿಗೆ ಹೋಗಿ ಬಂದವರಿಗೇನೂ ಬರವಿಲ್ಲ. ನನ್ನ ಕೆಲಸ ಮಾತ್ರ ಸ್ವಲ್ಪ ಬೇರೆ: ಮರುಭೂಮಿಯ ಊರುಗಳಲ್ಲಿ ರಸ್ತೆ ಬದಿಯ ಗಿಡಮರಗಳಿಗೆ ನೀರು ಹಾಯಿಸುವುದು. ಸೇರಿದಾಗ ಪೈಪು ಜೋಡಿಸುವ ಹೆಲ್ಪರ್, ಬಿಟ್ಟು ಬರುವಾಗ ಫೋರ್‌ಮನ್. ಅಲ್ಲಿ ಒಂದು ಚದರ ಅಡಿ ನೆರಳಿಗೆ ಎಷ್ಟು ಪೈಪು, ಎಷ್ಟು ನೀರು, ಎಷ್ಟು ಜನರ ಬೆವರು ಬೇಕಾಗುತ್ತದೆ ಎಂಬುದನ್ನು ಕೈಯಾರೆ ನೋಡಿದವನು.

ದುಬೈಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಕಾರವಾರದಲ್ಲಿ ಆಷಾಢದ ಒಂದು ಜೋರು ದಿನಕ್ಕೆ ಅಷ್ಟು ಸುರಿದು ಹೋಗುತ್ತದೆ. ನಮ್ಮ ವರ್ಷದ ಲೆಕ್ಕ 3,000 ಮಿಲಿಮೀಟರಿನ ಆಸುಪಾಸು. ಅಲ್ಲಿ ಮರ ಅಂದರೆ ಪೈಪಿನ ತುದಿ. ಊರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬೇರೆಯೇ ಲೈನಿನಲ್ಲಿ ತರುತ್ತಾರೆ, ಸೈಟಿನಲ್ಲಿ ಅದಕ್ಕೆ ಟಿಎಸ್‌ಇ ಅನ್ನುತ್ತಿದ್ದೆವು. ಆ ಲೈನಿನಿಂದ ಕವಲು, ಕವಲಿಗೊಂದು ವಾಲ್ವ್, ಮರದ ಬುಡಕ್ಕೊಂದು ಡ್ರಿಪ್ಪಿನ ಬಳೆ. ಬೇಸಿಗೆಯಲ್ಲಿ ಬೆಳೆದ ಒಂದು ಖರ್ಜೂರದ ಮರಕ್ಕೇ ದಿನಕ್ಕೆ ನೂರು ಲೀಟರಿನ ಮೇಲೆ ಬೇಕು. ಲಾನಿನ ಹಸಿವಿನ ಬಗ್ಗೆ ಹೇಳುವುದೇ ಬೇಡ.

ಒಂದು ಜುಲೈನಲ್ಲಿ ನನ್ನದೇ ಅಜಾಗ್ರತೆಯಿಂದ ಒಂದು ವಾಲ್ವ್ ಮೂರು ದಿನ ಮುಚ್ಚಿಯೇ ಉಳಿಯಿತು. ನಾಲ್ಕನೇ ದಿನ ಹೋಗಿ ನೋಡಿದರೆ ಹುಲ್ಲು ಹಪ್ಪಳವಾಗಿತ್ತು, ಕಾಲಿಟ್ಟರೆ ಕರಕರ ಸದ್ದು. ಬೈಸಿಕೊಂಡೆ, ಸಂಬಳದಲ್ಲೂ ಹಿಡಿದುಕೊಂಡರು. ಆದರೆ ಅವತ್ತು ಕಣ್ಣಿಗೆ ಬಿದ್ದದ್ದು ಇನ್ನೊಂದು. ಬೇಲಿಯ ಆಚೆ, ಯಾವ ಪೈಪೂ ಇಲ್ಲದ ಮರಳಿನಲ್ಲಿ ಒಂದು ಮರ ಹಸಿರಾಗಿ ನಿಂತಿತ್ತು. ಅದನ್ನು ಯಾರೂ ನೆಟ್ಟಿರಲಿಲ್ಲ, ಯಾರೂ ನೀರು ಹಾಕಿರಲಿಲ್ಲ. ನಮ್ಮ ಗ್ಯಾಂಗಿನವರೆಲ್ಲ ಊಟದ ಡಬ್ಬಿ ಬಿಚ್ಚುತ್ತಿದ್ದದ್ದು ಅದರ ಬುಡದಲ್ಲಿ. ಅಲ್ಲಿನವರು ಅದಕ್ಕೆ ಘಾಫ್ ಅನ್ನುತ್ತಾರೆ, ಅದು ಆ ದೇಶದ ರಾಷ್ಟ್ರೀಯ ಮರ. ಗ್ಯಾಂಗಿನಲ್ಲಿ ಗದಗಿನ ಕಡೆಯ ಹುಡುಗನೊಬ್ಬ ಇದ್ದ. ಒಂದು ದಿನ ಕೊಂಬೆ ಜಗ್ಗಿ ಎಲೆ ನೋಡಿದವನೇ, "ಏ, ಇದು ನಮ್ಮ ಬನ್ನಿ ಮರಪಾ! ದಸರಾಕ್ಕ ಬಂಗಾರ ಅಂತ ಕೊಡತೀವಲ್ಲ, ಅದ ಇದು" ಅಂದ. ಹೌದು, ಅದೇ ಬನ್ನಿ. ಪಾಂಡವರು ಆಯುಧ ಬಚ್ಚಿಟ್ಟ ಶಮೀವೃಕ್ಷ. ರಾಜಸ್ಥಾನದಲ್ಲಿ ಅದರ ಹೆಸರು ಖೇಜ್ಡಿ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅಮೃತಾದೇವಿ ಮತ್ತು ಬಿಷ್ಣೋಯಿ ಜನ, ಒಟ್ಟು 363 ಮಂದಿ, ಪ್ರಾಣ ಕೊಟ್ಟದ್ದು ಈ ಮರಕ್ಕಾಗಿಯೇ. ಆ ವರ್ಷ ವಿಜಯದಶಮಿಗೆ ನಾವು ಹನ್ನೊಂದು ಜನ ಶಾರ್ಜಾದ ಕ್ಯಾಂಪಿನಲ್ಲಿ ಘಾಫ್ ಎಲೆ ಹಂಚಿಕೊಂಡು ಬಂಗಾರದ ಹಾಂಗ ಇರೂಣು ಅಂದುಕೊಂಡೆವು.

ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಊರು ಚಂದ ಮಾಡುವ ಮಾತು ಬಂದಾಗಲೆಲ್ಲ "ದುಬೈ ಥರ ಮಾಡೋಣ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಫೋಟೊದಲ್ಲಿ ಕಂಡ ದುಬೈ ಅದು: ಡಿವೈಡರಿನ ಮೇಲೆ ಲಾನು, ಲಾನಿನ ಮೇಲೆ ಸಾಲು ತಾಳೆ, ನಡುವೆ ಕಾರಂಜಿ. ಹಾಗಾಗಿ ನಮ್ಮಲ್ಲೂ ಲಾರಿಯಲ್ಲಿ ಅಲಂಕಾರದ ತಾಳೆ ಬರುತ್ತದೆ, ಹೊನ್ನೆ ಮರವಿದ್ದ ಜಾಗದಲ್ಲಿ ಇಂಟರ್‌ಲಾಕ್ ಬೀಳುತ್ತದೆ. ತಾಳೆ ನೋಡಲು ಚಂದ. ಆದರೆ ಅದರ ನೆರಳಿನಲ್ಲಿ ಒಂದು ಬೆಕ್ಕು ಮಲಗಬಹುದು, ಅದೂ ಬಾಲ ಮಡಚಿಕೊಂಡು. ಆ ಫೋಟೊ ತೆಗೆದ ಊರುಗಳೇ ಈಗ ಫೋಟೊದಿಂದ ಹಿಂದೆ ಸರಿಯುತ್ತಿವೆ. ಅವರು ದುಬಾರಿ ಶುಲ್ಕ ಕೊಟ್ಟು ಕಲಿತ ಪಾಠವನ್ನು ಬಿಟ್ಟು, ಅವರು ಮಾಡಿದ ತಪ್ಪನ್ನು ಮಾತ್ರ ನಾವು ಆಮದು ಮಾಡಿಕೊಳ್ಳುತ್ತಿದ್ದೇವೆ. ನನ್ನ ಸಂಕಟ ಇದು.

ಲಾಸ್ ವೇಗಸ್ ನೋಡಿ. ಅಮೆರಿಕದ ನೆವಾಡಾ ಮರುಭೂಮಿಯ ಊರು, ಮೋಜಿಗೆ ಹೆಸರಾದದ್ದು. ಅಲ್ಲಿನ ನೀರಿನ ಪ್ರಾಧಿಕಾರ ವರ್ಷಗಳಿಂದ ಜನರಿಗೆ ಲಾನ್ ಕಿತ್ತು ಹಾಕಲು ದುಡ್ಡು ಕೊಡುತ್ತಿದೆ. 2021ರಲ್ಲಿ ಕಾನೂನೇ ಬಂತು: ಯಾರೂ ಕೂರದ, ಯಾರೂ ಆಡದ, ಬರೀ ನೋಡಲಿಕ್ಕೆ ಇರುವ ಹುಲ್ಲಿಗೆ 2027ರಿಂದ ಕೊಲೊರಾಡೊ ನದಿಯ ನೀರು ಇಲ್ಲ. ಕಚೇರಿ ಮುಂದಿನ ಹುಲ್ಲು, ರಸ್ತೆ ನಡುವಿನ ಹುಲ್ಲು, ಎಲ್ಲ ಅದರಲ್ಲಿ ಬಂತು. ಇತ್ತ ನಾವು ಮಾರ್ಚ್‌ನಲ್ಲಿ ಒಂದು ಕಡೆ ವಾರ್ಡಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಕಳಿಸುತ್ತೇವೆ, ಇನ್ನೊಂದು ಕಡೆ ಡಿವೈಡರಿನ ಹುಲ್ಲಿಗೆ ಪೈಪು ಹಿಡಿಯುತ್ತೇವೆ.

ಇನ್ನು ಕೊನೊಕಾರ್ಪಸ್ ಎಂಬ ಗಿಡದ ಮಾತು. ಗಲ್ಫಿನ ಊರುಗಳಲ್ಲಿ ಬೇಗ ಬೆಳೆಯುತ್ತದೆ, ವರ್ಷವಿಡೀ ಹಸಿರು ಎಂದು ಗೋಡೆ ಗೋಡೆಯಾಗಿ ನೆಟ್ಟರು. ನಾನೇ ಎಷ್ಟು ನೆಟ್ಟಿದ್ದೇನೋ ಲೆಕ್ಕವಿಲ್ಲ. ಆಮೇಲೆ ಅದರ ಬೇರು ನೀರು ಹುಡುಕಿಕೊಂಡು ಒಳಚರಂಡಿ ಪೈಪಿಗೆ ನುಗ್ಗತೊಡಗಿತು, ಅಗೆದು ತೆಗೆಯುವುದೂ ನಮ್ಮ ಪಾಲಿಗೇ ಬಂತು. ಅದೇ ಗಿಡ ನಮ್ಮ ದೇಶದ ಹೆದ್ದಾರಿ, ಲೇಔಟುಗಳಿಗೂ ಬಂದು ಕೂತಿದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನಮ್ಮ ಊರಿನ ನರ್ಸರಿಯಲ್ಲಿ ಕಂಡರೆ ದಯವಿಟ್ಟು ಬಿಲ್ ಮಾಡಬೇಡಿ. ಹೊರಗಿನಿಂದ ತಂದು ನೆಟ್ಟ ಮೇಲೆ ಹಬ್ಬಿ ಕಾಟವಾದ ಬಳ್ಳಾರಿ ಜಾಲಿಯ ಕಥೆ ನಿಮಗೆ ಗೊತ್ತೇ ಇದೆ, ಇದೂ ಅದೇ ಥರದ ಕಥೆ.

ಕಲಿತ ಪಾಠ ಯಾವುದು ಅಂದರೆ, ನೆರಳಿಗೂ ಒಂದು ನಕ್ಷೆ ಬೇಕು ಅನ್ನುವುದು. ಅಮೆರಿಕದ ಅರಿಜೋನಾ ಮರುಭೂಮಿಯ ಫೀನಿಕ್ಸ್ ನಗರ 2010ರಲ್ಲೇ ಮರ ಮತ್ತು ನೆರಳಿಗೆ ಮಾಸ್ಟರ್ ಪ್ಲಾನ್ ಮಾಡಿತು, 2030ಕ್ಕೆ ಊರಿನ ಶೇ 25 ಭಾಗ ಮರದ ನೆರಳಿನಲ್ಲಿ ಇರಬೇಕು ಎಂದು. ಮಾಡಿದ್ದು ಸಾಲಲಿಲ್ಲ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ದಾಟಿತು. ಆ ಊರಿರುವ ಮರಿಕೋಪ ಕೌಂಟಿಯಲ್ಲಿ ಆ ವರ್ಷ ಸೆಕೆಯ ಕಾರಣಕ್ಕೆ ಸತ್ತವರು 645 ಜನ. ಸೌದಿಯ ರಿಯಾದ್ 2019ರಲ್ಲಿ 75 ಲಕ್ಷ ಮರ ನೆಡುವ ಯೋಜನೆ ಘೋಷಿಸಿತು. ಊರಿನ ಶೇ 1.5ರಷ್ಟಿದ್ದ ಹಸಿರನ್ನು 9.1ಕ್ಕೆ ಏರಿಸುವುದು, ಅದಕ್ಕೆ ಸಂಸ್ಕರಿಸಿದ ಕೊಳಚೆ ನೀರನ್ನೇ ಬಳಸುವುದು ಅವರ ಲೆಕ್ಕ. ದುಡ್ಡಿದ್ದವರು, ಮಾಡುತ್ತಾರೆ. ನಾನು ಹೇಳಬೇಕಾದ್ದು ಅದರ ಗಾತ್ರದ ಬಗ್ಗೆ ಅಲ್ಲ. ಅಷ್ಟು ದೊಡ್ಡ ಊರಿನವರು ತಮ್ಮ ನೆರಳು ಶೇಕಡಾ ಎಷ್ಟು ಎಂದು ದಶಮಾಂಶದ ತನಕ ಅಳೆದು ಇಟ್ಟುಕೊಂಡಿದ್ದಾರೆ. ನಮ್ಮ ಯಾವ ಊರಿನ ಯಾವ ವಾರ್ಡಿನ ನೆರಳು ಎಷ್ಟು ಎಂದು ನಿಮ್ಮಲ್ಲಿ ಯಾರಾದರೂ ಹೇಳಬಲ್ಲಿರಾ?

ಈ ಪ್ರಶ್ನೆಗೆ ಸಿಗುವ ಉತ್ತರ ನನಗೆ ಬಾಯಿಪಾಠವಾಗಿದೆ. "ನಮ್ಮದು ಶೇಕಡಾ 80 ಕಾಡು ಇರುವ ಜಿಲ್ಲೆ ಮಾರಾಯ್ರೆ, ನಮಗೆಲ್ಲಿ ಮರದ ಬರ?" ಕಾಡು ಇದೆ, ಒಪ್ಪಿದೆ. ಆದರೆ ಕೈಗಾದ ಕಾಡಿನ ನೆರಳು ಕಾರವಾರದ ಬಸ್ ಸ್ಟಾಪಿನ ಮೇಲೆ ಬೀಳುವುದಿಲ್ಲ. ಯಲ್ಲಾಪುರ ಘಟ್ಟದ ತಂಪು ಅಂಕೋಲಾ ಪೇಟೆಗೆ ಇಳಿಯುವುದಿಲ್ಲ. ಈ ಜಿಲ್ಲೆಯಲ್ಲಿ ಹುಟ್ಟಿದ ದೊಡ್ಡ ಹೋರಾಟವೇ ಮರದ್ದು: 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಕಡೆಯ ಜನ ಮರಗಳನ್ನು ಅಪ್ಪಿಕೊಂಡರು, ಪಾಂಡುರಂಗ ಹೆಗಡೆಯವರು ಮುಂದೆ ನಿಂತರು, ಅಪ್ಪಿಕೋ ಎನ್ನುವ ಕನ್ನಡ ಶಬ್ದ ದೇಶಕ್ಕೆಲ್ಲ ಗೊತ್ತಾಯಿತು. ಅಪ್ಪಿಕೊಂಡದ್ದು ಕಾಡಿನ ಮರವನ್ನು. ಪೇಟೆಯ ಮರಕ್ಕೆ ಇನ್ನೂ ಅಪ್ಪಿಕೊಳ್ಳುವವರು ಸಿಕ್ಕಿಲ್ಲ. ಅದರ ಮೈಗೆ ಮೊಳೆ ಹೊಡೆದು ಟ್ಯೂಷನ್ ಕ್ಲಾಸಿನ ಬೋರ್ಡು ಹಾಕುವವರು ಮಾತ್ರ ಸಿಕ್ಕಿದ್ದಾರೆ.

ಎರಡನೇ ಉತ್ತರ: "ಒಂದು ಕಡಿದರೆ ಹತ್ತು ನೆಡ್ತೇವೆ." ಈ ಲೆಕ್ಕವನ್ನು ನಾನು ಕೂತು ಬಿಡಿಸಿದೆ. ಹರವು ಹದಿನೈದು ಮೀಟರ್ ಇರುವ ಒಂದು ಮಳೆಮರದ ಕೆಳಗೆ ಸುಮಾರು 175 ಚದರ ಮೀಟರ್ ನೆರಳು. ಒಂದು ಮೀಟರ್ ಹರವಿನ ಹತ್ತು ಸಸಿಗಳನ್ನು ಸೇರಿಸಿದರೆ ಎಂಟು ಚದರ ಮೀಟರ್ ಆಗುವುದಿಲ್ಲ. ಅದೂ ಹತ್ತೂ ಬದುಕಿದರೆ, ಅದೂ ಅದೇ ರಸ್ತೆಯಲ್ಲಿ ನೆಟ್ಟರೆ. ಸಾಮಾನ್ಯವಾಗಿ ಅವು ಹೋಗಿ ಸೇರುವುದು ಯಾವುದೋ ಗುಡ್ಡಕ್ಕೆ, ಅಲ್ಲಿ ಬಸ್ಸಿಗೆ ಕಾಯುವವರು ಯಾರೂ ಇಲ್ಲ. ಮರದ ಎಣಿಕೆ ಬಿಟ್ಟು ನೆರಳಿನ ಚದರ ಮೀಟರ್ ಲೆಕ್ಕ ಶುರು ಮಾಡಿ, ಕಡಿಯುವ ಅರ್ಧ ಪ್ರಸ್ತಾವಗಳು ಟೇಬಲ್ಲಿನ ಮೇಲೆಯೇ ಬದಲಾಗುತ್ತವೆ.

ಮರುಭೂಮಿಯ ಎಲ್ಲವೂ ನಮಗೆ ಹೊಂದುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಿಯಾದ್, ಫೀನಿಕ್ಸ್‌ನದು ಒಣ ಸೆಕೆ. ಅಂಥಲ್ಲಿ ನೀರು ಆರುವಾಗ ಗಾಳಿ ತಂಪಾಗುತ್ತದೆ, ಕಾರಂಜಿಗೂ ಕೂಲರಿಗೂ ಅರ್ಥವಿದೆ. ನಮ್ಮದು ಅಂಟು ಸೆಕೆ. ಏಪ್ರಿಲ್‌ನಲ್ಲಿ ಒಗೆದ ಲುಂಗಿಯೇ ಬೇಗ ಆರುವುದಿಲ್ಲ, ಇನ್ನು ಮೈಯ ಬೆವರು ಆರುವುದೆಲ್ಲಿ ಬಂತು? ಇಲ್ಲಿ ಕಾರಂಜಿ ಹಾಕಿದರೆ ಗಾಳಿ ಇನ್ನಷ್ಟು ಅಂಟಾಗುತ್ತದೆ ಅಷ್ಟೆ. ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸಲು ಬಯಲುಸೀಮೆಗೆ 40 ಡಿಗ್ರಿಯ ಗೆರೆ ಇಟ್ಟರೆ ಕರಾವಳಿಗೆ 37ಕ್ಕೇ ಇಟ್ಟಿರುವುದು ಸುಮ್ಮನೆ ಅಲ್ಲ. ಇತ್ತೀಚೆಗೆ ಶಿವರಾತ್ರಿಯ ಹೊತ್ತಿಗೇ ನಮಗೂ ಆ ಎಚ್ಚರಿಕೆ ಬರುವುದು ಶುರುವಾಗಿದೆ. ದುಬೈ, ಅಬುಧಾಬಿ ಕೂಡ ಕಡಲ ಮಗ್ಗುಲ ಊರುಗಳು, ಆಗಸ್ಟ್‌ನಲ್ಲಿ ಅಲ್ಲೂ ಇದೇ ಅಂಟು. ಹಾಗಾಗಿ ಅಲ್ಲಿನ ಹಳಬರು ನಂಬಿದ್ದು ಎರಡನ್ನು: ನೆರಳು ಮತ್ತು ಗಾಳಿ.

ದುಬೈಯ ಹಳೆಯ ಅಲ್ ಫಹೀದಿ ಕೇರಿಯಲ್ಲಿ ನಡೆದವರಿಗೆ ಗೊತ್ತು. ಇಬ್ಬರು ಎದುರುಬದುರಾದರೆ ಒಬ್ಬರು ವಾಲಿ ನಿಲ್ಲಬೇಕಾದಷ್ಟು ಸಣ್ಣ ಓಣಿಗಳು, ಎರಡೂ ಕಡೆಯ ಗೋಡೆಗಳು ಒಂದಕ್ಕೊಂದು ನೆರಳು ಕೊಡುತ್ತವೆ. ಮನೆಗಳ ತಲೆಯ ಮೇಲೆ ಬರ್ಜೀಲ್, ಅಂದರೆ ಗಾಳಿಯನ್ನು ಹಿಡಿದು ಕೋಣೆಗೆ ಇಳಿಸುವ ಗೋಪುರ. ಅಬುಧಾಬಿಯವರು ಮಸ್ದರ್ ಎಂಬ ಹೊಸ ಊರು ಕಟ್ಟುವಾಗ ಗಾಜಿನ ಗೋಪುರಗಳ ವ್ಯಾಮೋಹ ಬಿಟ್ಟು ಇದೇ ಹಳೆಯ ಓಣಿಗೆ ವಾಪಸು ಬಂದರು. 45 ಮೀಟರ್ ಎತ್ತರದ ಗಾಳಿಗೋಪುರ, ಗಾಳಿಯ ದಿಕ್ಕಿಗೆ ತಿರುಗಿಸಿದ ಬೀದಿಗಳು. ಕೆಲಸದ ಮೇಲೆ ಒಮ್ಮೆ ಹೋಗಿದ್ದೆ. ಹೊರಗಿನ ಪಾರ್ಕಿಂಗಿನಿಂದ ಓಣಿಯೊಳಗೆ ಕಾಲಿಟ್ಟ ಕೂಡಲೇ ಅಂಗಿ ಮೈ ಬಿಟ್ಟಿತು. ಮುಗಿಸುತ್ತೇವೆ ಎಂದ ವರ್ಷಕ್ಕೆ ಆ ಊರು ಮುಗಿಯಲಿಲ್ಲ, ಅದು ಬೇರೆ ಮಾತು. ನಮ್ಮ ಕಾಮಗಾರಿಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಾರವಾರದಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಪುಕ್ಕಟೆ ಬೀಸುತ್ತದೆ. ಅದಕ್ಕೆ ಗೋಪುರ ಬೇಡ, ದಾರಿ ಬಿಟ್ಟರೆ ಸಾಕು. ಕಡಲಿಗೆ ಎದುರಾಗಿ ಓಡುವ ನಮ್ಮ ಅಡ್ಡರಸ್ತೆಗಳೇ ಗಾಳಿಯ ಕಾಲುವೆಗಳು. ಅವುಗಳ ಪಶ್ಚಿಮದ ಬಾಯಿಗೆ ಉದ್ದುದ್ದ ಕಟ್ಟಡವನ್ನೋ ಎತ್ತರದ ಗೋಡೆಯನ್ನೋ ತಂದು ನಿಲ್ಲಿಸಿದರೆ ಹಿಂದಿನ ಇಡೀ ಕೇರಿಗೆ ಬಾಗಿಲು ಮುಚ್ಚಿದ ಹಾಗೆ. ಹೆದ್ದಾರಿ ಈಗಾಗಲೇ ಊರಿಗೂ ಕಡಲಿಗೂ ನಡುವೆ ಹಾಯ್ದಿದೆ. ಉಳಿದ ಬಾಯಿಗಳನ್ನಾದರೂ ನಕ್ಷೆಯಲ್ಲಿ ಗುರುತು ಮಾಡಿಡಿ.

ಎಮಿರೇಟ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅಲ್ ಐನ್. ಶುಕ್ರವಾರದ ರಜೆಗೆ ಬಸ್ ಹಿಡಿದು ಹೋಗುತ್ತಿದ್ದೆ. ಸುತ್ತ ಮರುಭೂಮಿ, ನಡುವೆ ಊರೊಳಗೇ ದೊಡ್ಡದೊಂದು ಖರ್ಜೂರದ ತೋಪು. 2011ರಲ್ಲಿ ಯುನೆಸ್ಕೊ ಅದನ್ನೂ ಸುತ್ತಲಿನ ಹಳೆಯ ತಾಣಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಲೆಯ ಬುಡದ ಅಂತರ್ಜಲವನ್ನು ನೆಲದಡಿಯ ಕಾಲುವೆಯಲ್ಲಿ ತರುತ್ತಾರೆ, ಅದಕ್ಕೆ ಫಲಜ್ ಎಂದು ಹೆಸರು. ಅದು ತೋಪಿನೊಳಗೆ ಗೇಣಗಲದ ಕಾಲುವೆಯಾಗಿ ಹರಿಯುತ್ತದೆ, ಪಾಳಿಯ ಪ್ರಕಾರ ನೀರು ಬಿಡುತ್ತಾರೆ. ಮೇಲೆ ಖರ್ಜೂರದ ಚಪ್ಪರ, ಅದರ ಕೆಳಗೆ ಮಾವು, ಲಿಂಬೆ, ಅದರ ಕೆಳಗೆ ಮೇವು, ತರಕಾರಿ. ಮೊದಲ ಸಲ ಒಳಗೆ ಹೋದಾಗ ಶಿರಸಿಯ ಅತ್ತೆ ಮನೆಯ ತೋಟಕ್ಕೆ ಇಳಿದ ಹಾಗಾಯಿತು. ಅಡಿಕೆ ಮೇಲೆ, ಮೈಗೆ ಮೆಣಸಿನ ಬಳ್ಳಿ, ಕೆಳಗೆ ಬಾಳೆ, ಏಲಕ್ಕಿ, ಪಕ್ಕದಲ್ಲಿ ಹರಿಯುವ ಅಬ್ಬಿ ನೀರು. ತಾಳೆ ಒಂಟಿಯಾಗಿ ನಿಂತರೆ ನೆರಳಿಲ್ಲ ಎಂದು ಮೇಲೆ ಹೇಳಿದೆನಲ್ಲ, ಒತ್ತಾಗಿ ತೋಟವಾಗಿ ನಿಂತರೆ ಅದೇ ಚಪ್ಪರ. ಆ ವಿದ್ಯೆ ನಮ್ಮ ಘಟ್ಟದ ಮೇಲಿನವರಿಗೆ ತಲೆಮಾರುಗಳಿಂದ ಗೊತ್ತು. ಅದನ್ನು ಪೇಟೆಯ ರಸ್ತೆಗೆ ತರಲು ದುಬೈಗೆ ಅಧ್ಯಯನ ಪ್ರವಾಸ ಬೇಕಿಲ್ಲ, ಶಿರಸಿಗೆ ಬಸ್ ಟಿಕೆಟ್ ಸಾಕು.

ಈಗ ನೀರಿನ ಮಾತು. 2024ರ ಏಪ್ರಿಲ್ 16ರಂದು ಎಮಿರೇಟ್ಸ್‌ನಲ್ಲಿ ಮಳೆ ಬಂತು. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲದಲ್ಲಿ ಒಂದು ದಿನದೊಳಗೆ 254.8 ಮಿಲಿಮೀಟರ್. ದುಬೈ ವಿಮಾನ ನಿಲ್ದಾಣವೇ ಕೆರೆಯಾದ ವಿಡಿಯೊ ನೀವೆಲ್ಲ ನೋಡಿದ್ದೀರಿ. ಕಾಂಕ್ರೀಟಿನ ಮೇಲೆ ಬಿದ್ದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಅಂಥ ಮಳೆ ಅವರಿಗೆ ಜನ್ಮಕ್ಕೊಮ್ಮೆ, ನಾವು ಚರಂಡಿ ಕಟ್ಟುವಾಗ ಪ್ರತಿವರ್ಷ ಲೆಕ್ಕ ಹಿಡಿಯಬೇಕಾದ್ದು. ಹಾಗಿದ್ದೂ ನಾವು ಅಂಗಡಿ ಮುಂದೆ, ಶಾಲೆ ಅಂಗಳದಲ್ಲಿ, ದೇವಸ್ಥಾನದ ಸುತ್ತ, ಮರದ ಬುಡಕ್ಕೆ ಒತ್ತಿಕೊಂಡು, ಎಲ್ಲ ಕಡೆ ಇಂಟರ್‌ಲಾಕ್ ಹಾಸುತ್ತಿದ್ದೇವೆ. ಕೆಸರಾಗುವುದಿಲ್ಲ ಎನ್ನುತ್ತಾರೆ. ಸರಿ, ನೀರೂ ಇಳಿಯುವುದಿಲ್ಲ.

ಅರಿಜೋನಾದ ಟೂಸಾನ್ ಊರಿನಲ್ಲಿ ಒಂದು ಸಣ್ಣ ಉಪಾಯ ಮಾಡಿದ್ದಾರೆ. ಅಲ್ಲಿ ವರ್ಷಕ್ಕೆ ನಮ್ಮ ಹತ್ತನೇ ಒಂದು ಪಾಲು ಮಳೆ. ಫುಟ್‌ಪಾತಿನ ಅಂಚುಗಲ್ಲನ್ನು ಅಲ್ಲಲ್ಲಿ ಒಂದೂವರೆ ಅಡಿ ಕತ್ತರಿಸಿ, ಅದರ ಹಿಂದೆ ತಗ್ಗು ಮಾಡಿ ಮರ ನೆಟ್ಟರು. ರಸ್ತೆಯ ಮೇಲೆ ಹರಿಯುವ ಮಳೆನೀರು ಆ ಕಿಂಡಿಯಿಂದ ಒಳಗೆ ತಿರುಗಿ ಮರದ ಬುಡ ಸೇರುತ್ತದೆ. ಮೊದಲು ಊರಿನವರು ಅನುಮತಿ ಇಲ್ಲದೆ ಕಲ್ಲು ಕೊರೆದರು, ಆಮೇಲೆ ನಗರಾಡಳಿತವೇ ಒಪ್ಪಿ ನಿಯಮ ಮಾಡಿತು. 2008ರಲ್ಲಿ ಇನ್ನೂ ಮುಂದೆ ಹೋಗಿ, ಹೊಸ ವಾಣಿಜ್ಯ ಕಟ್ಟಡಗಳು ತಮ್ಮ ಗಿಡಗಳಿಗೆ ಬೇಕಾದ ನೀರಿನಲ್ಲಿ ಅರ್ಧವನ್ನು ಮಳೆನೀರಿನಿಂದಲೇ ಹೊಂದಿಸಬೇಕು ಎಂದಿತು. ನಮ್ಮ ಜುಲೈ ಮಳೆಗೆ ಇಂಥ ತಗ್ಗು ಬಕೆಟ್ಟಿನ ಮುಂದೆ ಚಮಚವಿಟ್ಟಂತೆ, ಅದರಿಂದ ನೆರೆ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಕ್ಟೋಬರ್‌ನ ಕೊನೆಯ ಮಳೆ ಇದೆಯಲ್ಲ, ಆ ನೀರು ಬುಡಕ್ಕೆ ಇಳಿದರೆ ಮರಳು ನೆಲದ ಸಸಿ ಫೆಬ್ರುವರಿಯನ್ನು ದಾಟುತ್ತದೆ. ಅಂಚುಗಲ್ಲು ಕೂರಿಸುವಾಗಲೇ ಒಂದು ಕಲ್ಲು ಬಿಟ್ಟು ಕೂರಿಸಿದರೆ ಖರ್ಚು ಕಡಿಮೆಯೇ ಆಗುತ್ತದೆ. ಗುತ್ತಿಗೆದಾರರು ಬೇಜಾರು ಮಾಡಿಕೊಳ್ಳಬಾರದು.

ಮಳೆಗಾಲದಲ್ಲಿ ಮರ ಬೀಳುತ್ತದಲ್ಲ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಕಾರಿನ ಮೇಲೆ, ತಂತಿಯ ಮೇಲೆ, ಜನರ ಮೇಲೆ ಬಿದ್ದದ್ದೂ ಇದೆ. ಆದರೆ ಬಿದ್ದ ಮರದ ಬುಡವನ್ನು ಒಮ್ಮೆ ಬಗ್ಗಿ ನೋಡಿ. ನಾನು ನೋಡಿದ ಒಂದರಲ್ಲಿ ಚರಂಡಿಯ ಕಡೆಯ ಬೇರುಗಳೆಲ್ಲ ಗರಗಸದಲ್ಲಿ ಕೊಯ್ದ ಹಾಗೆ ನೇರ ತುಂಡಾಗಿದ್ದವು, ತುದಿ ಕಪ್ಪಾಗಿ ಕೊಳೆತಿತ್ತು. ಹಿಂದಿನ ವರ್ಷ ಅಲ್ಲಿ ಜೆಸಿಬಿ ಚರಂಡಿ ಅಗೆದಿತ್ತು. ಮೇಲೆ ತಂತಿಗೆ ತಾಗುತ್ತದೆ ಎಂದು ಒಂದೇ ಮಗ್ಗುಲ ಕೊಂಬೆಗಳನ್ನು ಸವರಿದ್ದರು. ಒಂದು ಕಾಲು ಕಡಿದು, ಒಂದು ಕೈಯಲ್ಲಿ ಮಾತ್ರ ಹೊರೆ ಕೊಟ್ಟು ನಿಲ್ಲಿಸಿದರೆ ಮನುಷ್ಯನೂ ಬೀಳುತ್ತಾನೆ. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಹಾಕಬೇಡಿ ಎಂದು ಹಸಿರು ನ್ಯಾಯಮಂಡಳಿ ದೆಹಲಿಯ ವಿಷಯದಲ್ಲಿ 2013ರಲ್ಲೇ ಹೇಳಿದೆ. ಆ ಒಂದು ಮೀಟರ್ ನಮ್ಮ ಮರಗಳಿಗೂ ಬೇಕು. ತಂತಿಯ ಕೆಳಗೆ ಬಕುಳವನ್ನೋ ಇನ್ನಾವುದಾದರೂ ನಿಧಾನ ಬೆಳೆಯುವ ಮರವನ್ನೋ ಹಾಕಿ, ಮಳೆಮರ ಹಾಕಿ ಆಮೇಲೆ ಪ್ರತಿವರ್ಷ ಅದರ ಕೈ ಕಡಿಯಬೇಡಿ.

ಹಾಗಾದರೆ ನಿಮ್ಮಿಂದ ಏನು ಬೇಕು? ಮುಂದಿನ ಏಪ್ರಿಲ್‌ನಲ್ಲಿ, ಹನ್ನೆರಡರಿಂದ ನಾಲ್ಕರ ನಡುವೆ, ಕಾರಿನ ಎಸಿ ಬಿಟ್ಟು ಬಸ್ ನಿಲ್ದಾಣದಿಂದ ಆಸ್ಪತ್ರೆಗೆ, ಅಲ್ಲಿಂದ ಮೀನು ಮಾರ್ಕೆಟ್ಟಿಗೆ, ಅಲ್ಲಿಂದ ಒಂದು ಶಾಲೆಗೆ ನಡೆದು ನೋಡಿ. ಎಲ್ಲೆಲ್ಲಿ ನೆರಳು ತುಂಡಾಗುತ್ತದೋ ಅಲ್ಲಲ್ಲಿ ನಕ್ಷೆಯಲ್ಲಿ ಕೆಂಪು ಗೆರೆ ಎಳೆಯಿರಿ. ನಮ್ಮ ಊರಿನ ನೆರಳಿನ ಮಾಸ್ಟರ್ ಪ್ಲಾನ್ ಅಂದರೆ ಅದೇ, ಕನ್ಸಲ್ಟೆಂಟ್ ಬೇಡ. ಆ ಕೆಂಪು ಗೆರೆಗಳ ಮೇಲೆ ಮೊದಲು ನೆಡಿ. ರಸ್ತೆಯ ಅಂದಾಜುಪಟ್ಟಿಯಲ್ಲಿ ಮರವನ್ನು ಕೊನೆಯ ಪುಟದ ಇತರೆ ಬಾಬತ್ತಿನಿಂದ ತೆಗೆದು ಚರಂಡಿ, ಲೈಟ್ ಕಂಬದ ಸಾಲಿಗೆ ತನ್ನಿ. ಬಿಲ್ ಕೊಡುವುದು ನೆಟ್ಟ ದಿನಕ್ಕಲ್ಲ, ಮೂರನೇ ಬೇಸಿಗೆ ದಾಟಿದ ಸಸಿಗೆ ಎಂದು ಟೆಂಡರಿನಲ್ಲಿ ಬರೆಯಿರಿ. ಮರ ಬೆಳೆಯುವ ತನಕ ಜನರೇನು ಮಾಡಬೇಕು ಅಂದರೆ, ಫೆಬ್ರುವರಿಯಿಂದ ಮೇ ತನಕ ಸ್ಟಾಪುಗಳಿಗೆ ತೆಂಗಿನ ಮಡಲಿನ ಚಪ್ಪರ ಹಾಕಿಸಿ. ಮದುವೆಗೆ, ಬಂಡಿಹಬ್ಬಕ್ಕೆ ಒಂದು ದಿನದಲ್ಲಿ ಹಾಕುವವರು ಊರೂರಿನಲ್ಲಿ ಇದ್ದಾರೆ. ನೀಲಿ ಶೀಟಿಗಿಂತ ತಂಪು, ಖರ್ಚು ಅದರ ಒಂದು ಬೆಂಚಿನಷ್ಟೂ ಇರಲಿಕ್ಕಿಲ್ಲ.

ಕಡಿಯಲೇಬೇಕಾದಾಗ ಕಾನೂನಿನ ದಾರಿಯಲ್ಲಿ ಕಡಿಯಿರಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ತೆಗೆಯುವುದಿದ್ದರೆ ಪ್ರಕಟಣೆ ಕೊಟ್ಟು ಜನರ ಆಕ್ಷೇಪ ಕೇಳಬೇಕು. ಒಂದೇ ರಸ್ತೆಯನ್ನು ನಾಲ್ಕು ತುಂಡು ಮಾಡಿ ಲೆಕ್ಕವನ್ನು 50ರ ಕೆಳಗೆ ಇಳಿಸುವ ಜಾಣತನ ಯಾರಿಗೂ ಹೊಳೆಯದಿರಲಿ. ಆ ಪ್ರಕಟಣೆಯನ್ನು ನೋಟಿಸ್ ಬೋರ್ಡಿನ ಜತೆಗೆ ಆ ಮರಕ್ಕೂ ಒಂದು ಹಗ್ಗದಲ್ಲಿ ಕಟ್ಟಿ. ಮೊಳೆ ಬೇಡ.

ಯಾವ ಮರ ಎಂದು ಕೇಳಲು ದೂರ ಹೋಗಬೇಕಿಲ್ಲ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತದೆಯೇ ಯಾವ ಬೀಜ ಯಾವ ತಾಯಿಮರದಿಂದ, ಯಾವಾಗ ಆರಿಸಬೇಕು ಎಂದು ಬಲ್ಲವರಾಗಿದ್ದರು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬದುಕೆಲ್ಲ ಸಸಿ ಮಾಡಿದರು, ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರೂ ಅವರ ಹಾಲಕ್ಕಿ ಸಮುದಾಯದ ಕೇರಿಗಳಲ್ಲಿ, ನರ್ಸರಿಗಳಲ್ಲಿ ಆ ತಿಳಿವಳಿಕೆ ಇದ್ದವರು ಇನ್ನೂ ಇದ್ದಾರೆ. ಅವರನ್ನು ಒಂದು ಸಭೆಗೆ ಕರೆದು ಕುರ್ಚಿ ಕೊಟ್ಟು ಕೇಳಿ. ಕಡಲ ಮಗ್ಗುಲಿಗೆ ಹೊನ್ನೆ, ಹೊಂಗೆ. ಒಳಗಿನ ರಸ್ತೆಗೆ ಬಕುಳ, ನೇರಳೆ. ಜಾಗ ಇದ್ದಲ್ಲಿ ಗೋಳಿ, ಮಾವು. ಕಾರವಾರದಲ್ಲಿ ಗ್ರೀನ್ ಸ್ಟ್ರೀಟ್ ಎಂಬ ರಸ್ತೆಯೇ ಇದೆ, ಗೇರು ತೋಟದ ಹೆಸರು ಹೊತ್ತ ಕಾಜುಬಾಗ ಇದೆ. ಗ್ರೀನ್ ಸ್ಟ್ರೀಟಿನ ಹಸಿರನ್ನೂ ಕಾಜುಬಾಗದ ಗೇರು ಮರಗಳನ್ನೂ ಒಮ್ಮೆ ಎಣಿಸಿ. ಅಲ್ಲಿಂದಲೇ ಶುರು ಮಾಡಿದರೆ ಬೋರ್ಡು ಬದಲಿಸುವ ಖರ್ಚೂ ಉಳಿಯುತ್ತದೆ.

ನನ್ನ ಪಾಲಿನ ಕೆಲಸ ಮಾಡಿಟ್ಟಿದ್ದೇನೆ. ಹೊನ್ನೆ ಬೀಜವನ್ನು ಹಾಗೇ ಹುಗಿದರೆ ಮೊಳೆಯಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಚಿಪ್ಪನ್ನು ಕಲ್ಲಿನಲ್ಲಿ ಮೆಲ್ಲಗೆ ಬಿರುಕು ಬಿಡಿಸಿ ಹಾಕಬೇಕು, ಒಳಗಿನ ತಿರುಳಿಗೆ ಪೆಟ್ಟಾಗಬಾರದು. ಹೆಂಡತಿಗೆ ಈ ಕೈ ನನಗಿಂತ ಚೆನ್ನಾಗಿದೆ. ಹಾಲಿನ ಪ್ಯಾಕೆಟ್ಟುಗಳಲ್ಲಿ ಹಾಕಿದ ಅರವತ್ತರಲ್ಲಿ ನಲವತ್ತೊಂದು ಮೊಳೆತು, ಹಿತ್ತಿಲ ಬಾವಿಕಟ್ಟೆಯ ಪಕ್ಕ ಎರಡೆರಡು ಎಲೆ ಬಿಟ್ಟುಕೊಂಡು ನಿಂತಿವೆ. ಬರುವ ಮಳೆಗಾಲದಲ್ಲಿ ಒಂದನ್ನು ಆ ಬಸ್ ಸ್ಟಾಪಿನ ಹಿಂದೆ, ಅಕ್ಕ ಕೂರುವ ಕಡೆ ನೆಡಬೇಕೆಂದಿದ್ದೇನೆ. ಅಲ್ಲಿ ಪೈಪ್‌ಲೈನ್ ಎಲ್ಲಿ ಹೋಗಿದೆ, ಮುಂದಿನ ಸಲ ಚರಂಡಿ ಎಲ್ಲಿ ಅಗೆಯುತ್ತೀರಿ ಎಂದು ನಿಮ್ಮಲ್ಲಿ ಒಬ್ಬರು ಬಂದು ಸುಣ್ಣದಲ್ಲಿ ಒಂದು ಗೆರೆ ಹಾಕಿ ತೋರಿಸಿದರೆ ಆಯಿತು. ಗುಂಡಿ ನಾನೇ ತೆಗೆಯುತ್ತೇನೆ.

ಇಂತಿ ನಿಮ್ಮವ,
ಗಲ್ಫಿನಿಂದ ವಾಪಸಾದ ಒಬ್ಬ ನೀರಾವರಿ ಫೋರ್‌ಮನ್
ಕಾರವಾರ